ಓದುಗರ ಪ್ರಶ್ನೆ: ಕರ್ನಲ್ ಕಂಪೈಲ್ ಆಯ್ತು, ಗ್ರಾಫಿಕ್ಸ್ ಹೋಯ್ತು

ಈ ಸಲದ ಪತ್ರಗಳಲ್ಲಿ ಒಂದೇ ದೂರು ಜಾಸ್ತಿ ಬಂದಿದೆ. ಲಿನಕ್ಸ್‌ನ ತಿರುಳಾದ ಕರ್ನಲ್ ಅನ್ನು ಸೋರ್ಸ್‌ನಿಂದ ಸ್ವಂತವಾಗಿ ಕಂಪೈಲ್ ಮಾಡಿದ್ದಾರೆ, ಬೂಟ್ ಕೂಡ ಆಗಿದೆ, ಆದರೆ ಗ್ರಾಫಿಕ್ಸ್ ಡ್ರೈವರ್ ಕೆಲಸ ಮಾಡುತ್ತಿಲ್ಲ. ಅದಕ್ಕೇ ಇಡೀ ಪುಟ ಈ ವಿಷಯಕ್ಕೆ ಬಿಟ್ಟಿದ್ದೇನೆ. ಕಮಾಂಡ್‌ಗಳನ್ನೂ ಎರರ್‌ಗಳನ್ನೂ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಕಮಾಂಡ್ ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.

ಪ್ರಶ್ನೆ: ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ನನ್ನ ಉಬುಂಟು ಮೆಷಿನ್‌ಗೆ 6.6 ಸರಣಿಯ ಕರ್ನಲ್ ಸೋರ್ಸ್ ಇಳಿಸಿ, 'ಮೇಕ್', 'ಮೇಕ್ ಮಾಡ್ಯೂಲ್ಸ್_ಇನ್‌ಸ್ಟಾಲ್', 'ಮೇಕ್ ಇನ್‌ಸ್ಟಾಲ್' ಎಲ್ಲ ಮಾಡಿದೆ. ಡಿಸ್ಕ್ ತುಂಬಿಹೋಗಿತ್ತು, ಆಮೇಲೆ ಸೋರ್ಸ್ ಫೋಲ್ಡರ್ ಅಳಿಸಿದೆ. ಈಗ ಬೂಟ್ ಮಾಡಿದರೆ ಬರೀ ಕಪ್ಪು ಪರದೆಯ ಮೇಲೆ ಲಾಗಿನ್ ಕೇಳುತ್ತದೆ. ಎನ್‌ವಿಡಿಯಾ ಡ್ರೈವರ್ ಮತ್ತೆ ಮತ್ತೆ ಹಾಕಿದೆ. ಪ್ರತಿ ಸಲವೂ ಇನ್‌ಸ್ಟಾಲೇಷನ್ ಫೇಲ್ ಆಯಿತು, ಲಾಗ್ ನೋಡಿ ಎನ್ನುತ್ತದೆ. ಹಳೆ ಕರ್ನಲ್‌ನಲ್ಲಿ ಎಲ್ಲ ಸರಿಯಾಗಿದೆ. ಕಾರ್ಡ್ ಹಾಳಾಗಿರಬಹುದಾ?

ಉತ್ತರ: ಕಾರ್ಡ್ ಚೆನ್ನಾಗಿದೆ. ಹಳೆ ಕರ್ನಲ್‌ನಲ್ಲಿ ಅದು ಓಡುತ್ತಿದೆ ಅಂದಮೇಲೆ ಹಾರ್ಡ್‌ವೇರ್ ಬಗ್ಗೆ ಚಿಂತೆ ಬಿಡಿ. ನಿಮ್ಮ ತೊಂದರೆಯ ಮೂಲ ನಿಮ್ಮ ಪತ್ರದಲ್ಲೇ ಇದೆ: ಆ ಅಳಿಸಿದ ಫೋಲ್ಡರ್.

ಮೊದಲು ಒಂದು ವಿಷಯ ಹೇಳಬೇಕು. 'ಲಾಗ್ ನೋಡಿ' ಎಂದು ಇನ್‌ಸ್ಟಾಲರ್ ಹೇಳಿತು, ನೀವು ನೋಡಲಿಲ್ಲ. ಬಹಳ ಜನ ನೋಡುವುದಿಲ್ಲ. ಕೊನೆಯ ಸಾಲು ಬರೀ ಫಲಿತಾಂಶ ಹೇಳುತ್ತದೆ, ಕಾರಣ ಅದಕ್ಕಿಂತ ಮೇಲೆಲ್ಲೋ ಇರುತ್ತದೆ. '/ವಾರ್/ಲಾಗ್/ಎನ್‌ವಿಡಿಯಾ-ಇನ್‌ಸ್ಟಾಲರ್.ಲಾಗ್' ತೆರೆದು, ಮೇಲಿನಿಂದ ಕೆಳಗೆ ಓದುತ್ತಾ ಬನ್ನಿ. ಮೊದಲು ಸಿಗುವ ಎರರ್ ಯಾವುದೋ ಅದೇ ನಿಜವಾದ ಎರರ್. ಅದರ ಕೆಳಗಿನವು ಹೆಚ್ಚಾಗಿ ಅದರ ಪರಿಣಾಮಗಳು. ನಿಮ್ಮ ಲಾಗ್‌ನಲ್ಲಿ 'ಅನೇಬಲ್ ಟು ಫೈಂಡ್ ದ ಕರ್ನಲ್ ಸೋರ್ಸ್ ಟ್ರೀ' ಎಂಬ ಸಾಲು ಸಿಗುತ್ತದೆ ಅನ್ನುವುದು ನನ್ನ ಅಂದಾಜು.

ಯಾಕೆ ಹೀಗೆ? ಎನ್‌ವಿಡಿಯಾ ಡ್ರೈವರ್ ಕರ್ನಲ್ ಸೋರ್ಸ್‌ನ ಒಳಗೆ ಇಲ್ಲ. ಹೊರಗಿನಿಂದ ಬಂದು ಸೇರಿಕೊಳ್ಳುವ ಮಾಡ್ಯೂಲ್ ಅದು. ಆ ಮಾಡ್ಯೂಲ್ ಒಂದು ಕರ್ನಲ್‌ನ ಅಳತೆ ತೆಗೆದು ಹೊಲಿದ ಬಟ್ಟೆ ಇದ್ದ ಹಾಗೆ, ಇನ್ನೊಂದು ಕರ್ನಲ್‌ಗೆ ಆಗುವುದಿಲ್ಲ. ಕರ್ನಲ್ ಅದನ್ನು ಒಳಗೆ ಬಿಟ್ಟುಕೊಳ್ಳುವ ಮೊದಲು 'ವರ್ಮ್ಯಾಜಿಕ್' ಎಂಬ ಗುರುತನ್ನು ಹೋಲಿಸಿ ನೋಡುತ್ತದೆ. ಅದರಲ್ಲಿ ಕರ್ನಲ್‌ನ ಪೂರ್ತಿ ಹೆಸರು, ಜೊತೆಗೆ ಕೆಲವು ಮುಖ್ಯ ಕಾನ್ಫಿಗ್ ಆಯ್ಕೆಗಳು ಇರುತ್ತವೆ. ಹೊಂದದಿದ್ದರೆ 'ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್' ಎಂದು ವಾಪಸ್ ಕಳಿಸುತ್ತದೆ. ಆಗ ಕರ್ನಲ್‌ನ ಸಂದೇಶಗಳನ್ನು ತೋರಿಸುವ 'ಡಿಮೆಸ್ಗ್' ಕಮಾಂಡ್ ಕೊಟ್ಟು ನೋಡಿದರೆ ಮಾಡ್ಯೂಲ್‌ನಲ್ಲಿ ಏನಿದೆ, ಏನಿರಬೇಕಿತ್ತು ಅನ್ನುವುದು ಒಂದೇ ಸಾಲಿನಲ್ಲಿ ಅಕ್ಕಪಕ್ಕ ಸಿಗುತ್ತದೆ. ಇಷ್ಟು ಸ್ಪಷ್ಟವಾಗಿ ತಪ್ಪು ತೋರಿಸುವ ಸಾಫ್ಟ್‌ವೇರ್ ಕಡಿಮೆ. ಆ ಸಾಲನ್ನು ಓದಿ ಎಂದು ಎಲ್ಲರಿಗೂ ಕೇಳಿಕೊಳ್ಳುತ್ತೇನೆ.

ಹಾಗಾಗಿ ಹೊಸ ಕರ್ನಲ್‌ಗೆ ಡ್ರೈವರ್ ಹೊಸದಾಗಿಯೇ ಕಂಪೈಲ್ ಆಗಬೇಕು. ಅದಕ್ಕೆ ಆ ಕರ್ನಲ್‌ನ ಹೆಡರ್ ಫೈಲ್‌ಗಳು, ಕಾನ್ಫಿಗ್, ಮತ್ತು ಯಾವ ಫಂಕ್ಷನ್‌ಗಳು ಹೊರಗೆ ಸಿಗುತ್ತವೆ ಎಂದು ಪಟ್ಟಿ ಮಾಡಿದ 'ಮಾಡ್ಯೂಲ್.ಸಿಮ್‌ವರ್ಸ್' ಬೇಕು. ಇವೆಲ್ಲ ಎಲ್ಲಿವೆ ಎಂದು ತೋರಿಸುವುದು '/ಲಿಬ್/ಮಾಡ್ಯೂಲ್ಸ್' ಒಳಗೆ ನಿಮ್ಮ ಕರ್ನಲ್ ಹೆಸರಿನ ಫೋಲ್ಡರ್‌ನಲ್ಲಿರುವ 'ಬಿಲ್ಡ್' ಎಂಬ ಲಿಂಕ್. ನೀವು ಕಂಪೈಲ್ ಮಾಡಿದ ರೀತಿಯಲ್ಲಿ ಆ ಲಿಂಕ್ ನೇರವಾಗಿ ಸೋರ್ಸ್ ಫೋಲ್ಡರ್ ಕಡೆಗೇ ಕೈ ತೋರಿಸುತ್ತದೆ. ಫೋಲ್ಡರ್ ಹೋಯಿತು, ಲಿಂಕ್ ಮಾತ್ರ ಉಳಿಯಿತು. 'ಎಲ್ಎಸ್ -ಎಲ್' ಹಾಕಿ ನೋಡಿ, ಎಲ್ಲೂ ಇಲ್ಲದ ಜಾಗದ ಹೆಸರು ಕಾಣುತ್ತದೆ.

ಈಗ ಏನು ಮಾಡಬೇಕು? ಹಳೆ ಕರ್ನಲ್‌ಗೆ ಬೂಟ್ ಮಾಡಿ. ಅದೇ ಆವೃತ್ತಿಯ ಸೋರ್ಸ್ ಮತ್ತೆ ಇಳಿಸಿ. ನಿಮ್ಮ ಕಾನ್ಫಿಗ್‌ನ ಪ್ರತಿ '/ಬೂಟ್' ಒಳಗೆ ಉಳಿದಿರುತ್ತದೆ. ಅದನ್ನು ಸೋರ್ಸ್ ಫೋಲ್ಡರ್‌ಗೆ '.ಕಾನ್ಫಿಗ್' ಎಂಬ ಹೆಸರಲ್ಲಿ ಕಾಪಿ ಮಾಡಿ, 'ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್' ಕೊಡಿ. ಕಾನ್ಫಿಗ್‌ನಲ್ಲಿ 'ಲೋಕಲ್‌ವರ್ಷನ್' ಎಂಬ ಜಾಗಕ್ಕೆ ನಿಮ್ಮದೇ ಒಂದು ಗುರುತು ಹಾಕಿ, '-ನಂದು2' ಅಂತಾದರೂ ಸರಿ. ಒಂದೇ ಹೆಸರಲ್ಲಿ ಎರಡು ಸಲ ಕಂಪೈಲ್ ಮಾಡಿದರೆ ಮಾಡ್ಯೂಲ್‌ಗಳು ಒಂದರ ಮೇಲೊಂದು ಬಿದ್ದು, ಯಾವುದು ಯಾವ ಕರ್ನಲ್‌ದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಡಿಸ್ಕ್ ತುಂಬಿತು ಅಂದಿರಿ. ಡೀಬಗ್ ಮಾಹಿತಿ ಆಯ್ಕೆ ಆನ್ ಆಗಿದ್ದರೆ ಸೋರ್ಸ್ ಫೋಲ್ಡರ್ 20 ಜಿಬಿ ದಾಟುವುದು ಮಾಮೂಲಿ. 'ಡೀಬಗ್_ಇನ್ಫೋ_ನನ್' ಆರಿಸಿಕೊಳ್ಳಿ, ಕಲಿಯುವ ಹಂತದಲ್ಲಿ ಆ ಮಾಹಿತಿಯಿಂದ ನಿಮಗೆ ಉಪಯೋಗವಿಲ್ಲ.

ಆಮೇಲೆ ಬರೀ 'ಮೇಕ್' ಬೇಡ, 'ಮೇಕ್ ಬಿನ್‌ಡೆಬ್-ಪಿಕೆಜಿ' ಕೊಡಿ. ನಾನು ಉಬುಂಟು, ಡೆಬಿಯನ್ ಮೆಷಿನ್‌ಗಳಲ್ಲಿ ಇದನ್ನೇ ಮಾಡುವುದು. ಕೊನೆಯಲ್ಲಿ ಕರ್ನಲ್ ಒಂದು ಪ್ಯಾಕೇಜ್ ಆಗಿ, ಹೆಡರ್‌ಗಳು ಇನ್ನೊಂದು ಪ್ಯಾಕೇಜ್ ಆಗಿ ಸಿಗುತ್ತವೆ. ಎರಡನ್ನೂ ಹಾಕಿ. ಹೆಡರ್‌ಗಳು '/ಯುಎಸ್ಆರ್/ಎಸ್ಆರ್‌ಸಿ' ಒಳಗೆ ಹೋಗಿ ಕೂರುತ್ತವೆ, 'ಬಿಲ್ಡ್' ಲಿಂಕ್ ಅಲ್ಲಿಗೇ ತೋರಿಸುತ್ತದೆ. ಇನ್ನು ಸೋರ್ಸ್ ಫೋಲ್ಡರ್ ಅಳಿಸಿದರೂ ಡ್ರೈವರ್‌ಗೆ ತೊಂದರೆ ಇಲ್ಲ. ಕರ್ನಲ್ ಬೇಡವಾದರೆ ಉಳಿದ ಪ್ಯಾಕೇಜ್‌ಗಳ ಹಾಗೇ ತೆಗೆದು ಹಾಕಬಹುದು.

ಇನ್ನೊಂದು ಮಾತು, ಇದು ಉಬುಂಟು ಬಳಸುವವರಿಗೆ ಮುಖ್ಯ. ಉಬುಂಟು ತನ್ನ ಕರ್ನಲ್‌ಗಳಿಗೆ ಎನ್‌ವಿಡಿಯಾ ಮಾಡ್ಯೂಲ್‌ಗಳನ್ನು ಮೊದಲೇ ಕಂಪೈಲ್ ಮಾಡಿ ಕೊಡುತ್ತದೆ. ನಿಮ್ಮ ಸ್ವಂತ ಕರ್ನಲ್‌ಗೆ ಅದು ಸಿಗುವುದಿಲ್ಲ. ನಿಮಗೆ ಬೇಕಾದದ್ದು 'ಎನ್‌ವಿಡಿಯಾ-ಡಿಕೆಎಂಎಸ್' ಎಂದು ಶುರುವಾಗುವ ಪ್ಯಾಕೇಜ್. ಡಿಕೆಎಂಎಸ್ ಡೆಲ್ ಕಂಪನಿಯಲ್ಲಿ ಹುಟ್ಟಿದ ಸಾಧನ. ಡ್ರೈವರ್‌ನ ಸೋರ್ಸ್ ಇಟ್ಟುಕೊಂಡು, ಹೊಸ ಕರ್ನಲ್ ಬಂದಾಗ ಅದಕ್ಕೆ ತಕ್ಕಂತೆ ಮತ್ತೆ ಕಂಪೈಲ್ ಮಾಡುತ್ತದೆ. ಕರ್ನಲ್ ಹಾಕಿದ ಮೇಲೆ 'ಡಿಕೆಎಂಎಸ್ ಸ್ಟೇಟಸ್' ನೋಡಿ. ನಿಮ್ಮ ಹೊಸ ಕರ್ನಲ್ ಹೆಸರಿನ ಮುಂದೆ 'ಇನ್‌ಸ್ಟಾಲ್ಡ್' ಎಂದಿರಬೇಕು. ಹೆಸರೇ ಇಲ್ಲದಿದ್ದರೆ 'ಡಿಕೆಎಂಎಸ್ ಆಟೋಇನ್‌ಸ್ಟಾಲ್ -ಕೆ' ಮುಂದೆ ಕರ್ನಲ್ ಹೆಸರು ಕೊಟ್ಟು ಓಡಿಸಿ. ಅಲ್ಲೂ ಫೇಲ್ ಆದರೆ '/ವಾರ್/ಲಿಬ್/ಡಿಕೆಎಂಎಸ್' ಒಳಗಿನ 'ಮೇಕ್.ಲಾಗ್' ಓದಿ. ಅದನ್ನೂ ಮೇಲಿನಿಂದಲೇ ಓದಬೇಕು!

ನೀವು ಎನ್‌ವಿಡಿಯಾದಿಂದ ನೇರವಾಗಿ ಇಳಿಸಿಕೊಂಡ '.ರನ್' ಇನ್‌ಸ್ಟಾಲರ್ ಹಾಕಿದ್ದಿದ್ದರೆ, ಅದು ಹಾಕಿದ್ದನ್ನು ಮೊದಲು ಅದರದೇ '--ಅನ್‌ಇನ್‌ಸ್ಟಾಲ್' ಆಯ್ಕೆಯಿಂದ ತೆಗೆಯಿರಿ. ಪ್ಯಾಕೇಜ್ ಒಂದು ಕಡೆ, '.ರನ್' ಫೈಲ್ ಇನ್ನೊಂದು ಕಡೆ ಹಾಕಿದ ಡ್ರೈವರ್ ಸೇರಿಕೊಂಡರೆ 'ಡ್ರೈವರ್/ಲೈಬ್ರರಿ ವರ್ಷನ್ ಮಿಸ್‌ಮ್ಯಾಚ್' ಎಂಬ ಹೊಸ ತಲೆನೋವು ಶುರುವಾಗುತ್ತದೆ. ಮಾಡ್ಯೂಲ್ ಒಂದು ಆವೃತ್ತಿ, ಲೈಬ್ರರಿ ಇನ್ನೊಂದು ಆವೃತ್ತಿ ಅನ್ನುವುದು ಅದರ ಅರ್ಥ.

ಪ್ರಶ್ನೆ: ನನ್ನದು ಎಎಂಡಿ ಕಾರ್ಡ್. ಅದರ ಡ್ರೈವರ್ ಕರ್ನಲ್ ಒಳಗೇ ಇದೆ, ಏನೂ ಹಾಕಬೇಕಿಲ್ಲ ಎಂದು ಕೇಳಿದ್ದೆ. ಬೇಗ ಬೂಟ್ ಆಗಲಿ ಎಂದು ಕರ್ನಲ್ ಆಯ್ಕೆಗಳ ಮೆನುವಾದ ಮೆನುಕಾನ್ಫಿಗ್‌ನಲ್ಲಿ 'ಎಎಂಡಿಜಿಪಿಯು' ಮುಂದೆ 'ಎಂ' ಇದ್ದದ್ದನ್ನು ನಕ್ಷತ್ರ ಚಿಹ್ನೆ ಮಾಡಿದೆ. ಈಗ ನಾಲ್ಕೈದು ಸಾಲು ಬಂದು ಪರದೆ ಕಪ್ಪಾಗುತ್ತದೆ.

ಉತ್ತರ: ಡ್ರೈವರ್ ಕರ್ನಲ್ ಒಳಗಿದೆ ಅನ್ನುವುದು ನಿಜ. ಆದರೆ ಫರ್ಮ್‌ವೇರ್, ಅಂದರೆ ಕಾರ್ಡ್‌ನ ಒಳಗೇ ಓಡುವ ಸಾಫ್ಟ್‌ವೇರ್, ಕರ್ನಲ್ ಸೋರ್ಸ್‌ನಲ್ಲಿ ಇಲ್ಲ. ಅದು 'ಲಿನಕ್ಸ್-ಫರ್ಮ್‌ವೇರ್' ಎಂಬ ಬೇರೆಯೇ ಸಂಗ್ರಹದಲ್ಲಿದೆ, ಡಿಸ್ಕ್‌ನಲ್ಲಿ '/ಲಿಬ್/ಫರ್ಮ್‌ವೇರ್/ಎಎಂಡಿಜಿಪಿಯು' ಒಳಗೆ ಬಂದು ಕೂರುತ್ತದೆ. ಅದಿಲ್ಲದೆ ಈಗಿನ ಎಎಂಡಿ ಕಾರ್ಡ್ ಏಳುವುದೇ ಇಲ್ಲ.

ಹಳೆ ಕರ್ನಲ್‌ಗೆ ಹೋಗಿ 'ಜರ್ನಲ್‌ಸಿಟಿಎಲ್ -ಕೆ -ಬಿ -1' ಕೊಡಿ. ಹಿಂದಿನ ಬೂಟ್‌ನಲ್ಲಿ ಕರ್ನಲ್ ಹೇಳಿದ್ದೆಲ್ಲ ಬರುತ್ತದೆ. ಪರದೆ ಕಪ್ಪಾದರೂ ಮೆಷಿನ್ ಒಳಗೆ ಓಡುತ್ತಲೇ ಇತ್ತು, ಅಲ್ವಾ? 'ಡೈರೆಕ್ಟ್ ಫರ್ಮ್‌ವೇರ್ ಲೋಡ್... ಫೇಲ್ಡ್ ವಿತ್ ಎರರ್ -2' ಎಂದಿದ್ದರೆ, -2 ಅಂದರೆ ಫೈಲ್ ಸಿಗಲಿಲ್ಲ ಅಂತ. ನಕ್ಷತ್ರ ಹಾಕಿದಾಗ ಡ್ರೈವರ್ ಬೇರೆ ಮಾಡ್ಯೂಲ್ ಆಗಿರದೆ ('ಎಂ' ಅಂದರೆ ಮಾಡ್ಯೂಲ್) ಕರ್ನಲ್ ಒಳಗೇ ಸೇರಿ, ಅದರ ಜೊತೆಗೇ ಏಳುತ್ತದೆ. ಆ ಹೊತ್ತಿಗೆ ನಿಮ್ಮ ಡಿಸ್ಕ್ ಇನ್ನೂ ಮೌಂಟ್ ಆಗಿರುವುದಿಲ್ಲ. ಫೈಲ್ ಡಿಸ್ಕ್‌ನಲ್ಲಿದ್ದರೂ ಡ್ರೈವರ್‌ಗೆ ಸಿಗುವುದಿಲ್ಲ.

ಮತ್ತೆ 'ಎಂ' ಮಾಡಿ, ಅಷ್ಟೇ. ಫರ್ಮ್‌ವೇರ್ ಫೈಲ್‌ಗಳನ್ನು ಕರ್ನಲ್ ಒಳಗೇ ಸೇರಿಸುವ 'ಎಕ್ಸ್‌ಟ್ರಾ_ಫರ್ಮ್‌ವೇರ್' ಎಂಬ ದಾರಿಯೂ ಇದೆ. ಆದರೆ ಒಂದು ಕಾರ್ಡ್‌ಗೆ ಹಲವಾರು ಫೈಲ್ ಬೇಕು, ಒಂದು ಬಿಟ್ಟುಹೋದರೂ ಅದೇ ಕಪ್ಪು ಪರದೆ. ಇನಿಟ್‌ರಾಮ್‌ಎಫ್ಎಸ್ (ಡಿಸ್ಕ್ ಮೌಂಟ್ ಆಗುವ ಮೊದಲು ಬೇಕಾದ ಫೈಲ್‌ಗಳ ಚಿಕ್ಕ ಕಟ್ಟು) ಬಳಸದೆ ಬೂಟ್ ಮಾಡುವವರಿಗೆ ಮಾತ್ರ ಆ ದಾರಿ. ಗ್ರಾಫಿಕ್ಸ್ ಡ್ರೈವರ್‌ಗೆ ನಕ್ಷತ್ರ ಹಾಕಿ ಉಳಿಸುವ ಸಮಯ ಈ ತಾಪತ್ರಯಕ್ಕೆ ಸಮ ಅಲ್ಲ. 'ಎಂ' ಇದ್ದೂ -2 ಬರುತ್ತಿದ್ದರೆ ಕಾರ್ಡ್ ಹೊಸದು, ಫರ್ಮ್‌ವೇರ್ ಪ್ಯಾಕೇಜ್ ಹಳೆಯದು. ಅದನ್ನು ಅಪ್‌ಡೇಟ್ ಮಾಡಿ ಇನಿಟ್‌ರಾಮ್‌ಎಫ್ಎಸ್ ಮತ್ತೆ ತಯಾರಿಸಿ. ಉಬುಂಟು, ಡೆಬಿಯನ್‌ನಲ್ಲಿ 'ಅಪ್‌ಡೇಟ್-ಇನಿಟ್‌ರಾಮ್‌ಎಫ್ಎಸ್', ಫೆಡೋರಾದಲ್ಲಿ 'ಡ್ರಾಕಟ್'.

ಪ್ರಶ್ನೆ: ಡೆಸ್ಕ್‌ಟಾಪ್ ಬರುತ್ತದೆ, ಆದರೆ ಕಿಟಕಿ ಎಳೆದರೂ ತಡವರಿಸುತ್ತದೆ, ಫ್ಯಾನ್ ಜೋರಾಗಿ ತಿರುಗುತ್ತದೆ. ಎಎಂಡಿ ಲ್ಯಾಪ್‌ಟಾಪ್. ಗ್ರಾಫಿಕ್ಸ್ ಡ್ರೈವರ್‌ಗೆ ಪರದೆಯ ಹಿಡಿತ ಕೊಡದ 'ನೋಮೋಡ್‌ಸೆಟ್' ಎಂಬ ಬೂಟ್ ಆಯ್ಕೆ ಹಾಕಿ ಬೂಟ್ ಮಾಡಿದ್ದಾಗ 'ಮೇಕ್ ಲೋಕಲ್‌ಮಾಡ್‌ಕಾನ್ಫಿಗ್' ಕೊಟ್ಟು ಕಂಪೈಲ್ ಮಾಡಿದ್ದೆ. ಎರರ್ ಏನೂ ಇಲ್ಲ.

ಉತ್ತರ: ಎರರ್ ಇಲ್ಲದ ತೊಂದರೆಯೇ ಕಷ್ಟದ್ದು. ನೀವು ಮಾಡಿದ್ದನ್ನೆಲ್ಲ ಕ್ರಮವಾಗಿ ಬರೆದಿದ್ದರಿಂದ ಸುಲಭವಾಯಿತು. 'ಜಿಎಲ್ಎಕ್ಸ್‌ಇನ್ಫೋ' ಓಡಿಸಿ 'ರೆಂಡರರ್' ಸಾಲು ನೋಡಿ. ಅಲ್ಲಿ 'ಎಲ್ಎಲ್‌ವಿಎಂಪೈಪ್' ಎಂದಿದ್ದರೆ ಚಿತ್ರ ಬಿಡಿಸುತ್ತಿರುವುದು ಗ್ರಾಫಿಕ್ಸ್ ಚಿಪ್ ಅಲ್ಲ, ಸಿಪಿಯು. ಫ್ಯಾನ್ ಅದಕ್ಕೇ ತಿರುಗುತ್ತಿದೆ. 'ಎಲ್ಎಸ್‌ಪಿಸಿಐ -ಎನ್ಎನ್‌ಕೆ' ಕೊಟ್ಟರೆ ನಿಮ್ಮ ಚಿಪ್‌ನ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಸಾಲೇ ಇರುವುದಿಲ್ಲ.

ಲೋಕಲ್‌ಮಾಡ್‌ಕಾನ್ಫಿಗ್ ಆ ಕ್ಷಣದಲ್ಲಿ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನಷ್ಟೇ ಉಳಿಸಿ ಬೇರೆಯದನ್ನು ಕಾನ್ಫಿಗ್‌ನಿಂದ ತೆಗೆದುಬಿಡುತ್ತದೆ. ನೋಮೋಡ್‌ಸೆಟ್ ಇದ್ದಾಗ ಎಎಂಡಿಜಿಪಿಯು ಲೋಡ್ ಆಗಲು ಒಪ್ಪುವುದಿಲ್ಲ. ಆದ್ದರಿಂದ ಅದು ಬೇಡ ಎಂದು ಲೆಕ್ಕಕ್ಕೆ ಬಂತು. ಮಾಮೂಲಿ ಕರ್ನಲ್‌ಗೆ, ನೋಮೋಡ್‌ಸೆಟ್ ಇಲ್ಲದೆ ಬೂಟ್ ಮಾಡಿ. ಡಿಸ್ಟ್ರೋದ ಮೂಲ ಕಾನ್ಫಿಗ್ ಮತ್ತೆ ಕಾಪಿ ಮಾಡಿಕೊಳ್ಳಿ. ಪೆನ್‌ಡ್ರೈವ್, ವೆಬ್‌ಕ್ಯಾಮ್, ಹೊರಗಿನ ಮಾನಿಟರ್, ಬಳಸುವುದನ್ನೆಲ್ಲ ಚುಚ್ಚಿ, ಆಮೇಲೆ ಲೋಕಲ್‌ಮಾಡ್‌ಕಾನ್ಫಿಗ್ ಕೊಡಿ. ಕಂಪೈಲ್ ಶುರು ಮಾಡುವ ಮೊದಲು '.ಕಾನ್ಫಿಗ್' ಫೈಲ್‌ನಲ್ಲಿ 'ಡಿಆರ್‌ಎಂ_ಎಎಂಡಿಜಿಪಿಯು' ಹುಡುಕಿ, 'ಎಂ' ಇದೆಯಾ ನೋಡಿಕೊಳ್ಳಿ. ಒಂದು ಗಂಟೆಯ ಕೆಲಸ ಈ ಒಂದು ಸಾಲಿನ ಮೇಲೆ ನಿಂತಿದೆ.

ಪ್ರಶ್ನೆ: ಸೆಕ್ಯೂರ್ ಬೂಟ್ (ಸಹಿ ಇಲ್ಲದ ಸಾಫ್ಟ್‌ವೇರ್ ಬೂಟ್ ಆಗದ ಹಾಗೆ ತಡೆಯುವ ವ್ಯವಸ್ಥೆ) ಆನ್ ಇದೆ. ಕರ್ನಲ್‌ಗೆ ನನ್ನ ಕೀಲಿಯಿಂದ ಸಹಿ ಹಾಕಿದ್ದೇನೆ, ಬೂಟ್ ಆಗುತ್ತದೆ. ಎನ್‌ವಿಡಿಯಾ ಮಾತ್ರ 'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್' ಅನ್ನುತ್ತದೆ.

ಉತ್ತರ: ಕರ್ನಲ್‌ಗೆ ಹಾಕಿದ ಸಹಿ ಮಾಡ್ಯೂಲ್‌ಗೆ ಸಾಲದು. ಕರ್ನಲ್ ನಂಬುವ ಕೀಲಿಯಿಂದ ಪ್ರತಿ ಮಾಡ್ಯೂಲ್‌ಗೂ ಸಹಿ ಬೇಕು. ಕಂಪೈಲ್ ಆಗುವಾಗ ಕರ್ನಲ್ ತನ್ನದೇ ಒಂದು ಕೀಲಿ ತಯಾರಿಸಿ ಸೋರ್ಸ್‌ನ 'ಸರ್ಟ್ಸ್' ಫೋಲ್ಡರ್‌ನಲ್ಲಿ ಇಡುತ್ತದೆ. ಅದನ್ನು ಬಳಸಿ, 'ಸ್ಕ್ರಿಪ್ಟ್ಸ್/ಸೈನ್-ಫೈಲ್' ಮೂಲಕ ಎನ್‌ವಿಡಿಯಾದ ಎಲ್ಲ ಮಾಡ್ಯೂಲ್‌ಗಳಿಗೂ ಸಹಿ ಹಾಕಿ. ಸಹಿ ಹಾಕಿದ ಮೇಲೆ ಫೈಲ್ ಚಿಕ್ಕದು ಮಾಡಲು 'ಸ್ಟ್ರಿಪ್' ಕಮಾಂಡ್ ಕೊಡಬೇಡಿ, ಸಹಿ ಉದುರಿಹೋಗುತ್ತದೆ. ಆ ಕೀಲಿ ಬೇರೆಯವರ ಕೈಗೆ ಸಿಗದ ಹಾಗೆ ಇಡಿ.

ಪ್ರಶ್ನೆ: ನನ್ನ ಹಳೆ ಎನ್‌ವಿಡಿಯಾ ಕಾರ್ಡ್‌ಗೆ 390 ಸರಣಿಯ ಡ್ರೈವರ್ ಬೇಕು. ಹೊಸ ಕರ್ನಲ್‌ನಲ್ಲಿ ಡ್ರೈವರ್ ಕಂಪೈಲ್ ಆಗುವಾಗಲೇ 'ಇಂಪ್ಲಿಸಿಟ್ ಡಿಕ್ಲರೇಷನ್ ಆಫ್ ಫಂಕ್ಷನ್' ಎಂದು ನಿಲ್ಲುತ್ತದೆ. ಹೆಡರ್ ಎಲ್ಲ ಸರಿಯಾಗಿದೆ.

ಉತ್ತರ: ನೀವು ಮಾಡಿದ್ದೆಲ್ಲ ಸರಿಯಾಗಿದೆ. ಡ್ರೈವರ್ ಕರೆಯುತ್ತಿರುವ ಫಂಕ್ಷನ್ ಹೊಸ ಕರ್ನಲ್‌ನಲ್ಲಿ ಇಲ್ಲ, ಅಥವಾ ಹೆಸರು ಬದಲಾಗಿದೆ. ಲಿನಕ್ಸ್ ಕರ್ನಲ್ ತನ್ನ ಒಳಗಿನ ಫಂಕ್ಷನ್‌ಗಳನ್ನು ಹಾಗೇ ಉಳಿಸುತ್ತೇನೆ ಎಂದು ಯಾವತ್ತೂ ಮಾತು ಕೊಟ್ಟಿಲ್ಲ. ಸೋರ್ಸ್ ಒಳಗಿನ ಡ್ರೈವರ್‌ಗಳನ್ನು ಬದಲಾವಣೆ ಮಾಡುವವರೇ ತಿದ್ದುತ್ತಾರೆ. ಹೊರಗಿನದ್ದನ್ನು ಅದರ ಒಡೆಯರೇ ತಿದ್ದಬೇಕು. 390 ಸರಣಿಗೆ ಎನ್‌ವಿಡಿಯಾ 2022ರ ಕೊನೆಗೆ ಬೆಂಬಲ ನಿಲ್ಲಿಸಿತು. ಇನ್ನು ಅವರು ತಿದ್ದುವುದಿಲ್ಲ. 2022ರ ಮೇ ತಿಂಗಳಲ್ಲಿ ಅವರು ಕರ್ನಲ್ ಮಾಡ್ಯೂಲ್‌ಗಳ ಸೋರ್ಸ್ ಬಿಡುಗಡೆ ಮಾಡಿದರು, ಆದರೆ ಅದು ಟ್ಯೂರಿಂಗ್ ಎಂಬ ಪೀಳಿಗೆ ಮತ್ತು ಅದರ ನಂತರದ ಕಾರ್ಡ್‌ಗಳಿಗೆ. ನಿಮ್ಮದಕ್ಕೆ ಬರುವುದಿಲ್ಲ.

ಕಂಪೈಲ್ ಮಾಡುವ ಆಸೆ ಇದ್ದರೆ 5.15 ತೆಗೆದುಕೊಳ್ಳಿ. ಅದು 2021ರಲ್ಲಿ ಬಂದ ದೀರ್ಘಾವಧಿ ಬೆಂಬಲದ ಸರಣಿ, 390ಕ್ಕೆ ಬೆಂಬಲ ಇದ್ದ ಕಾಲದ್ದು. ಹೊಸ ಕರ್ನಲ್ಲೇ ಬೇಕು ಅಂದರೆ ಎನ್‌ವಿಡಿಯಾ ಡ್ರೈವರ್ ಪೂರ್ತಿ ತೆಗೆದು, ಎನ್‌ವಿಡಿಯಾ ಕಾರ್ಡ್‌ಗಳಿಗೇ ಇರುವ ನೋವೋ ಎಂಬ ಮುಕ್ತ ಡ್ರೈವರ್ ಬಳಸಿ. ಅದು ಕರ್ನಲ್ ಸೋರ್ಸ್ ಒಳಗೇ ಇದೆ. ಹಳೆ ಡ್ರೈವರ್ ಹಾಕಿದಾಗ '/ಇಟಿಸಿ/ಮಾಡ್‌ಪ್ರೋಬ್.ಡಿ' ಒಳಗೆ 'ಬ್ಲಾಕ್‌ಲಿಸ್ಟ್ ನೋವೋ' ಎಂಬ ಸಾಲು ಸೇರಿರುತ್ತದೆ. ಅದನ್ನು ತೆಗೆದು ಇನಿಟ್‌ರಾಮ್‌ಎಫ್ಎಸ್ ಮತ್ತೆ ತಯಾರಿಸದಿದ್ದರೆ ನೋವೋ ಏಳುವುದಿಲ್ಲ. ಭಾರೀ ಗೇಮ್‌ಗಳಿಗೆ ಅದು ಸಾಲದು. ಬರವಣಿಗೆ, ಬ್ರೌಸರ್, ಕೋಡ್ ಬರೆಯುವ ಕೆಲಸಕ್ಕೆ ಧಾರಾಳವಾಗಿ ಸಾಕು.