ಬಾಲ್ಕನಿಯಲ್ಲಿ ಸಮುದ್ರದ ನೀರು ತಯಾರಿಸಬಹುದಾ?

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಇದ್ದೇವೆ. 250 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇದೆ. ಒಂದು ಜೋಡಿ ಕ್ಲೌನ್ ಮೀನು, ಒಂದೆರಡು ಸೀಗಡಿ ಸಾಕಿದ್ದೇವೆ. ವಾರವಾರ ಬಕೆಟ್‌ನಲ್ಲಿ ಉಪ್ಪು ಕಲಸಿ ಸಾಕಾಗಿದೆ. ಬಾಲ್ಕನಿಯಲ್ಲಿ 500 ಲೀಟರಿನ ಎರಡು ಡ್ರಮ್ ಇಟ್ಟು, ನೀರು ತಯಾರಿಸಿಟ್ಟುಕೊಳ್ಳುವ ಆಸೆ. ಬರುವುದು ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ಅಡುಗೆಮನೆಯ ಆರ್‌ಓ ನೀರು ಆಗುತ್ತಾ? ಕಲಸಿದ ನೀರನ್ನು ಎಷ್ಟು ದಿನ ಇಡಬಹುದು?

ಉತ್ತರ: 500 ಲೀಟರ್ ಬೇಡವೇ ಬೇಡ. ವಾರಕ್ಕೆ ಶೇ 10ರಷ್ಟು ನೀರು ಬದಲಿಸಿದರೂ ನಿಮಗೆ ಬೇಕಾಗುವುದು 25 ಲೀಟರ್. 100 ಲೀಟರಿನ ಎರಡು ಡ್ರಮ್ ಧಾರಾಳ, ಒಂದು ಶುದ್ಧ ಸಿಹಿನೀರಿಗೆ, ಇನ್ನೊಂದು ಉಪ್ಪು ಕಲಸಲು. ಅವು ತುಂಬಿದರೇ 200 ಕಿಲೋ ದಾಟುತ್ತದೆ. ಬಾಲ್ಕನಿಯ ಹೊರ ಅಂಚಿಗಿಂತ ಒಳಗೋಡೆಯ ಪಕ್ಕ ಇಡಿ. ಕೆಮಿಕಲ್ ತುಂಬಿದ್ದ ಹಳೇ ನೀಲಿ ಡ್ರಮ್ ಅಗ್ಗಕ್ಕೆ ಸಿಗುತ್ತದೆ ಅಂತ ತರಬೇಡಿ. ಆಹಾರ ತುಂಬಲು ಯೋಗ್ಯವಾದದ್ದೇ ಇರಲಿ.

ಎಲ್ಲರೂ ಉಪ್ಪು ಕಲಸುವ ಡ್ರಮ್ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ದುಡ್ಡು, ಗಮನ ಎರಡೂ ಹೋಗಬೇಕಾದದ್ದು ಸಿಹಿನೀರಿನ ಡ್ರಮ್‌ಗೆ. ಅಡುಗೆಮನೆಯ ಆರ್‌ಓ ಕುಡಿಯುವವರಿಗಾಗಿ ಮಾಡಿದ್ದು. ರುಚಿಗೆಂದು ಅದರಲ್ಲಿ ಸ್ವಲ್ಪ ಲವಣ ಉಳಿಸುತ್ತಾರೆ, ಇಲ್ಲವೇ ಮತ್ತೆ ಸೇರಿಸುತ್ತಾರೆ. ನಮಗೆ ಬೇಕಿರುವುದು ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ) ಸೊನ್ನೆ ಇರುವ ನೀರು. ಅದಕ್ಕೆ ಮೆಂಬ್ರೇನ್ (ಲವಣ ತಡೆಯುವ ತೆಳು ಪೊರೆ) ಆದಮೇಲೆ ಡಿಐ ರೆಸಿನ್ (ಉಳಿದ ಲವಣವನ್ನೂ ಹಿಡಿದಿಡುವ ಮಣಿಗಳು) ಇರುವ ಬೇರೆ ಯೂನಿಟ್ಟೇ ಬೇಕು. ನಿಮ್ಮ ಬೋರ್‌ವೆಲ್ ನೀರಿನ ಟಿಡಿಎಸ್ 800 ಇದೆ ಅಂದುಕೊಳ್ಳಿ. ಮೆಂಬ್ರೇನ್ ಶೇ 95 ತಡೆದರೂ 40 ಉಳಿಯುತ್ತದೆ. ಆ 40ನ್ನು ತೆಗೆಯುವುದು ರೆಸಿನ್. ಅದಕ್ಕೇ ಗಡಸು ನೀರಿನ ಮನೆಗಳಲ್ಲಿ ರೆಸಿನ್ ಬೇಗ ಮುಗಿಯುತ್ತದೆ. ಟ್ಯಾಂಕರ್ ನೀರಂತೂ ಒಂದು ಲೋಡ್ ಇದ್ದಂತೆ ಇನ್ನೊಂದಿರಲ್ಲ. ಹಾಗಾಗಿ ಡ್ರಮ್ ತುಂಬುವಾಗೆಲ್ಲ ಮೀಟರ್ ಅದ್ದಿ ನೋಡಿ. ಅಪಾರ್ಟ್‌ಮೆಂಟಿನ ನೆಲದಡಿಯ ನೀರಿನ ಸಂಪ್‌ಗೆ ಬ್ಲೀಚಿಂಗ್ ಪೌಡರ್ ಹಾಕುತ್ತಾರಾ ಅಂತಲೂ ವಿಚಾರಿಸಿ. ಕ್ಲೋರಿನ್ ಮೆಂಬ್ರೇನನ್ನು ಹಾಳು ಮಾಡುತ್ತದೆ, ಹಾಗಾಗಿ ಅದಕ್ಕೂ ಮೊದಲು ಒಳ್ಳೆ ಕಾರ್ಬನ್ ಫಿಲ್ಟರ್ ಇರಬೇಕು.

ಪ್ರೆಷರ್ ಇನ್ನೊಂದು ತಲೆನೋವು. ಓವರ್‌ಹೆಡ್ ಟ್ಯಾಂಕ್ 10 ಮೀಟರ್ ಮೇಲಿದ್ದರೂ ಸಿಗುವುದು ಸುಮಾರು 14 ಪಿಎಸ್ಐ. ಇಂಥ ಮೆಂಬ್ರೇನ್‌ಗೆ 60ರ ಆಸುಪಾಸು ಬೇಕು. ಬೂಸ್ಟರ್ ಪಂಪ್ ಇಲ್ಲದೆ ಆಗಲ್ಲ. ಯೂನಿಟ್ ಒಂದೆರಡು ದಿನ ನಿಂತಿದ್ದರೆ ಮೊದಲ ಕೆಲವು ನಿಮಿಷದ ನೀರನ್ನು ರೆಸಿನ್‌ಗೆ ಬಿಡದೆ ಹೊರಗೆ ಬಿಡಿ. ಆಗ ಅದರ ಟಿಡಿಎಸ್ ಜಾಸ್ತಿ ಇರುತ್ತದೆ. ವೇಸ್ಟ್ ನೀರು ನೆಲ ಒರೆಸಲು, ಟಾಯ್ಲೆಟ್‌ಗೆ ಆಗುತ್ತದೆ. ಕುಂಡದ ಗಿಡಗಳಿಗೆ ಬೇಡ.

ಉಪ್ಪು ಕಲಸುವುದು ಸುಲಭ. ಓಡುತ್ತಿರುವ ಪಂಪಿನ ನೀರಿಗೆ ಸ್ವಲ್ಪಸ್ವಲ್ಪವೇ ಉಪ್ಪು ಸುರಿಯಿರಿ. ಉಪ್ಪಿನ ಮೇಲೆ ನೀರು ಹಾಕಿದರೆ ಕ್ಯಾಲ್ಸಿಯಂ ಗಟ್ಟಿಯಾಗಿ ತಳದಲ್ಲಿ ಕೂರುತ್ತದೆ. 100 ಲೀಟರಿಗೆ ಮೂರೂವರೆ ಕಿಲೋ ಚಿಲ್ಲರೆ ಬೇಕಾಗುತ್ತದೆ. ಸರಿಯಾದ ಲೆಕ್ಕ ಪ್ಯಾಕೆಟ್ ಮೇಲಿರುತ್ತದೆ. ನೀರು 25 ಡಿಗ್ರಿ ಇರುವಾಗ ಸಾಪೇಕ್ಷ ಸಾಂದ್ರತೆ 1.025ರಿಂದ 1.026 ತೋರಿಸಬೇಕು. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು 35 ಪಿಪಿಟಿಯ (ಸಾವಿರ ಪಾಲಿಗೆ 35 ಪಾಲು ಉಪ್ಪು) ದ್ರಾವಣದಿಂದಲೇ ಹೊಂದಿಸಿ. ಬರೀ ನೀರಿನಲ್ಲಿ ಸೊನ್ನೆ ತೋರಿಸಿದರೆ ಸಾಲದು.

ಎಷ್ಟು ದಿನ ಇಡಬಹುದು ಅನ್ನುವುದು ಉಪ್ಪಿನ ಬ್ರಾಂಡ್ ಮೇಲೆ ನಿಂತಿದೆ. ಕೆಲವನ್ನು ಕಲಸಿದ ಕೂಡಲೇ ಬಳಸಬೇಕು, ಕೆಲವು ವಾರಗಟ್ಟಲೆ ಇರುತ್ತವೆ. ನಾನಾಗಿದ್ದರೆ ಹಿಂದಿನ ರಾತ್ರಿ ಬೇಕಾದಷ್ಟೇ ಕಲಸುತ್ತೇನೆ. ಸಿಹಿನೀರು ಮಾತ್ರ ಯಾವಾಗಲೂ ಮುಚ್ಚಿಟ್ಟು ರೆಡಿ ಇರಲಿ. ಅಕ್ವೇರಿಯಂನಿಂದ ಆವಿಯಾದ ನೀರಿನ ಜಾಗಕ್ಕೆ ಹಾಕಬೇಕಾದದ್ದೂ ಅದನ್ನೇ. ಆವಿಯಾಗುವುದು ನೀರಷ್ಟೇ ಅಲ್ವಾ, ಉಪ್ಪು ಒಳಗೇ ಇರುತ್ತದೆ.

ಪ್ಲಂಬರ್ ಬಂದಾಗ ಪಕ್ಕದಲ್ಲೇ ನಿಂತಿರಿ. ಅಭ್ಯಾಸಬಲದಿಂದ ಹಿತ್ತಾಳೆಯ ನಲ್ಲಿ, ನಿಪ್ಪಲ್ ಹಾಕಿಬಿಡುತ್ತಾರೆ. ಅದರಿಂದ ಬಿಡುವ ತಾಮ್ರ ಸೀಗಡಿಗೆ ವಿಷ. ಎಲ್ಲವೂ ಪ್ಲಾಸ್ಟಿಕ್ಕೇ ಆಗಿರಲಿ, ಬಾಲ್ ವಾಲ್ವ್ ಸೇರಿ. ಉಪ್ಪುನೀರಿನ ಪಕ್ಕ ಪ್ಲಗ್ ಇರುವುದರಿಂದ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್) ಇರಲೇಬೇಕು. ಇಲ್ಲದಿದ್ದರೆ ಡ್ರಮ್ ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ.