ಬೋರ್ಡು ತಿರುಗಿಸುವ ಊರು

ನಿನ್ನ ಮೇಲ್ ಓದಿದೆ ಪುಟ್ಟಿ. ಡಾಲಸ್‌ನಲ್ಲಿ ಎಂ.ಎಸ್. ಮುಗಿಯಿತು, ಇಲ್ಲೇ ಸಿಲಿಕಾನ್ ವ್ಯಾಲಿಯ ಸನಿವೇಲ್‌ನಲ್ಲಿ ಕೆಲಸ ಸಿಕ್ಕಿದೆ, ಓಪಿಟಿ (ಓದು ಮುಗಿದ ಮೇಲೆ ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡಲು ಸಿಗುವ ಅನುಮತಿ) ಮೇಲೆ ಸೇರುತ್ತೇನೆ ಅಂತ ಬರೆದಿದ್ದೀಯ. ತುಂಬಾ ಸಂತೋಷ. ಆಮೇಲೆ ಕೇಳಿದ್ದೀಯ: "ಆಂಟಿ, ಎ.ಐ. ಬಂದು ನಮ್ಮ ಕೆಲಸ ಎಲ್ಲ ಹೋಗುತ್ತಂತೆ. ಅಲ್ಲಿ ಮನೆ ಕೊಳ್ಳಬಹುದಾ? ನೀವು ಇಷ್ಟು ವರ್ಷ ಹೇಗೆ ಉಳಿದಿರಿ?"

ಕಡೇ ಪ್ರಶ್ನೆ ಮೊದಲು ತಗೋತೀನಿ. ನಾನು ಬಂದಿದ್ದು 1998ರಲ್ಲಿ. ಅಲ್ಲಿಂದ ಇಲ್ಲಿಗೆ ಐದು ಕಂಪನಿ ಆಯಿತು. ಅದರಲ್ಲಿ ಮೂರರ ಹೆಸರು ಹೇಳಿದರೆ ನಿನಗೆ ಗೊತ್ತೇ ಆಗುವುದಿಲ್ಲ. ಇಲ್ಲಿ ಅದೇನು ದೊಡ್ಡ ಸುದ್ದಿ ಅಲ್ಲ. ಕಂಪ್ಯೂಟರ್ ಮಾಡುವ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಅಂದರೆ ಆಗ ನಮಗೆಲ್ಲ ಕನಸು. 2010ರಲ್ಲಿ ಅದನ್ನು ಒರಾಕಲ್ ನುಂಗಿತು. ಮೆನ್ಲೋ ಪಾರ್ಕಿನ ಅದರ ಕ್ಯಾಂಪಸ್ಸಿಗೆ 2011ರಲ್ಲಿ ಫೇಸ್‌ಬುಕ್ ಬಂತು. ಗೇಟಿನ ಹತ್ತಿರದ ಹಳೇ ಬೋರ್ಡನ್ನು ಅವರು ಕಿತ್ತು ಹಾಕಲಿಲ್ಲ, ತಿರುಗಿಸಿ ತಮ್ಮ ಹೆಸರು ಹಾಕಿಕೊಂಡರು. ಹಿಂಭಾಗದಲ್ಲಿ ಸನ್ ಹಾಗೇ ಇತ್ತು. ಗೂಗಲ್ ಕೂತಿರುವ ಜಾಗವೂ ಮೊದಲು ಸಿಲಿಕಾನ್ ಗ್ರಾಫಿಕ್ಸ್ ಅನ್ನುವ ಕಂಪನಿಯದು. ನೀನು ಬಾಡಿಗೆ ಮನೆ ಹುಡುಕುತ್ತಿರುವ ಸನಿವೇಲ್‌ನಲ್ಲೇ ಇದ್ದ ಯಾಹೂ, 2008ರಲ್ಲಿ ಮೈಕ್ರೋಸಾಫ್ಟ್ 44.6 ಬಿಲಿಯನ್ ಡಾಲರ್ ಕೊಡುತ್ತೇನೆ ಅಂದಾಗ ಬೇಡ ಅಂದಿತು. 2017ರಲ್ಲಿ ವೆರೈಜನ್ ಫೋನ್ ಕಂಪನಿಗೆ ಹೋಗಿದ್ದು ಸುಮಾರು 4.5 ಬಿಲಿಯನ್‌ಗೆ.

ನನ್ನ ಎರಡನೇ ಕೆಲಸ ಡಬ್ಬಿ ಸಾಫ್ಟ್‌ವೇರ್ ಮಾಡುವ ಕಡೆ. ಡಬ್ಬಿ ಅಂದರೆ ನಿಜವಾದ ಡಬ್ಬಿ, ಒಳಗೆ ಒಂದು ಸಿ.ಡಿ., ಒಂದು ದಪ್ಪ ಪುಸ್ತಕ. ಫ್ರೈಸ್ ಅನ್ನುವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟಿರುತ್ತಿದ್ದರು. (ಆ ಅಂಗಡಿಯೂ 2021ರಲ್ಲಿ ಮುಚ್ಚಿತು.) ಒಂದೂವರೆ ವರ್ಷಕ್ಕೊಂದು ಆವೃತ್ತಿ. ಸಿ.ಡಿ. ಹೊರಟ ಮೇಲೆ ತಪ್ಪು ಸಿಕ್ಕರೆ ದೇವರೇ ಗತಿ, ಅದಕ್ಕೇ ಕೊನೆಯ ಎರಡು ತಿಂಗಳು ಆಫೀಸಿನಲ್ಲೇ ರಾತ್ರಿ ಊಟ. ಆದರೆ ಡಬ್ಬಿ ಹೋಯಿತೋ, ನಾವು ಒಂದು ತಿಂಗಳು ಮೈಸೂರಿಗೆ ಹೋಗಿ ಬರುತ್ತಿದ್ದೆವು. ಆಫೀಸಿನಿಂದ ಒಂದು ಫೋನೂ ಬರುತ್ತಿರಲಿಲ್ಲ.

ಆಮೇಲೆ ಎಲ್ಲ ಬಾಡಿಗೆ ಆಯಿತು. 2006ರಿಂದ ಅಮೆಜಾನ್ ತನ್ನ ಸರ್ವರ್‌ಗಳನ್ನು ಗಂಟೆ ಲೆಕ್ಕದಲ್ಲಿ ಕೊಡತೊಡಗಿತು. 2013ರಲ್ಲಿ ಅಡೋಬಿ ಹೊಸ ಫೋಟೋಶಾಪನ್ನು ತಿಂಗಳ ಚಂದಾಕ್ಕೆ ಮಾತ್ರ ಕೊಡುತ್ತೇನೆ ಅಂದಿತು. ಜನ ಬೈದುಕೊಂಡೇ ಕಟ್ಟಿದರು. ಹಾಲಿನವನ ಲೆಕ್ಕದ ಹಾಗೆ ಇದು. ಒಂದು ದಿನ ಹಾಲು ಬರದಿದ್ದರೆ ಮನೆಯವರು ಸುಮ್ನೆ ಇರುತ್ತಾರಾ? ಸರ್ವಿಸ್ ನಿಂತರೆ ನಾವು ರಾತ್ರಿ ಎರಡಕ್ಕೂ ಏಳಬೇಕು. ನನ್ನ ಮಗಳು ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಮೊದಲ ಸಲ ಕುಣಿದಾಗ ನಾನು ಹಾಲ್‌ನ ಹೊರಗೆ ನೆಲದ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ. ಚಪ್ಪಾಳೆ ಮಾತ್ರ ಕೇಳಿಸಿತು. ಅದಕ್ಕೇ ಹೇಳುತ್ತೇನೆ, ಸೇರುವ ಮೊದಲೇ ಕೇಳಿಕೋ: ಆನ್‌ಕಾಲ್ (ಹೀಗೆ ಕರೆದಾಗ ಏಳುವ ಸರದಿ) ಎಷ್ಟು ವಾರಕ್ಕೊಮ್ಮೆ, ಸರದಿಯಲ್ಲಿ ಎಷ್ಟು ಜನ? ನಾಲ್ಕೇ ಜನ ಅಂದರೆ ತಿಂಗಳಿಗೊಂದು ವಾರ ಹೋಯಿತು ಅಂತ ತಿಳಿ. ಆ ಕಂಪನಿಯಲ್ಲಿ ಜೀವನ ಹೇಗಿರುತ್ತದೆ ಅನ್ನುವುದನ್ನು ಸಂಬಳಕ್ಕಿಂತ ಜಾಸ್ತಿ ಹೇಳುವುದು ಈ ಲೆಕ್ಕ.

ಇನ್ನು ಕೆಲಸ ಹೋಗುವ ಭಯ. ನನ್ನದು 2001ರಲ್ಲಿ ಹೋಯಿತು. 2000ದ ಮಾರ್ಚ್‌ನಲ್ಲಿ 5,000 ದಾಟಿದ್ದ ನ್ಯಾಸ್ಡಾಕ್ ಷೇರು ಸೂಚ್ಯಂಕ 2002ರ ಅಕ್ಟೋಬರ್ ಹೊತ್ತಿಗೆ 1,100ರ ಹತ್ತಿರ ಬಂದು ಬಿದ್ದ ಕಾಲ ಅದು. ಬೆಳಿಗ್ಗೆ ಹತ್ತಕ್ಕೆ ಕರೆದರು, ಹನ್ನೊಂದಕ್ಕೆ ಸಾಮಾನು ರಟ್ಟಿನ ಡಬ್ಬದಲ್ಲಿತ್ತು. ಕೆಲಸ ಹೋದರೆ ಬೇರೆ ಹುಡುಕಲು ಈಗ ಎಚ್-1ಬಿ (ಕೆಲಸದ ವೀಸಾ) ಇರುವವರಿಗೆ ಸಿಗುವ 60 ದಿನದ ಅವಕಾಶ ಬಂದಿದ್ದು 2017ರಲ್ಲಿ. ಆಗ ಅದೂ ಇಲ್ಲ. ನಮ್ಮೆಜಮಾನರ ಕೆಲಸ ಉಳಿದಿತ್ತು, ಹಾಗಾಗಿ ನಾನು ಅವರ ಮೇಲೆ ಎಚ್-4ಗೆ (ಎಚ್-1ಬಿಯವರ ಸಂಸಾರಕ್ಕೆ ಸಿಗುವ ವೀಸಾ) ಬದಲಾಯಿಸಿಕೊಂಡು ಎಂಟು ತಿಂಗಳು ಮನೆಯಲ್ಲಿದ್ದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ವಾರಕ್ಕೊಂದು ಸಂಸಾರ ವಾಪಸ್ ಹೊರಡುತ್ತಿತ್ತು. ಇವತ್ತಿಗೂ ನಾನು ದೋಸೆ ಹಿಟ್ಟು ರುಬ್ಬುವ ಗ್ರೈಂಡರ್ ಹಾಗೆ ಹೊರಟವರೊಬ್ಬರು ಕೊಟ್ಟು ಹೋದದ್ದು.

ನಿನ್ನ ಗಡಿಯಾರ ಬೇರೆ. ಓಪಿಟಿಯಲ್ಲಿ ಕೆಲಸವಿಲ್ಲದೆ ಒಟ್ಟು 90 ದಿನ ಮಾತ್ರ ಇರಬಹುದು. ವಿಜ್ಞಾನ, ತಂತ್ರಜ್ಞಾನ ಓದಿದವರಿಗೆ ಇರುವ 24 ತಿಂಗಳ ಸ್ಟೆಮ್ ವಿಸ್ತರಣೆ ಸಿಕ್ಕರೆ ಎರಡೂ ಸೇರಿ 150. ಓಪಿಟಿ ಮುಗಿಯುವುದರೊಳಗೆ ಎಚ್-1ಬಿ ಲಾಟರಿ ಹತ್ತಬೇಕು. ಗ್ರೀನ್ ಕಾರ್ಡ್ ಕೆಲಸ ಯಾವಾಗ ಶುರು ಮಾಡುತ್ತೀರಿ ಅಂತ ನಾಚಿಕೆ ಬಿಟ್ಟು ಕೇಳು. ಭಾರತದವರ ಸಾಲು ಉದ್ದ, ಗೊತ್ತಲ್ಲ. ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಒಪ್ಪಿಗೆಯಾಗಿಬಿಟ್ಟರೆ ಸಾಲಿನಲ್ಲಿ ನಿನ್ನ ತಾರೀಖು ನಿನ್ನದೇ, ಕಂಪನಿ ಬದಲಾದರೂ ಜೊತೆಗೆ ಬರುತ್ತದೆ. ಕಂಪನಿಯಿಂದ ಬರುವುದರಲ್ಲಿ ಹಾಗೆ ಗಟ್ಟಿಯಾಗಿ ಉಳಿಯುವುದು ಕಡಿಮೆ.

ಷೇರಿನ ವಿಷಯ ಬೇಗ ಹೇಳಿಬಿಡುತ್ತೇನೆ. ಆರ್‌ಎಸ್‌ಯು (ಸಂಬಳದ ಜೊತೆ ಕಂಪನಿ ಕೊಡುವ ಷೇರು) ಕೈಗೆ ಬಂದ ದಿನವೇ ಸಂಬಳ ಅಂತ ತೆರಿಗೆ ಬೀಳುತ್ತದೆ. ನಾನಾದರೆ ಅವತ್ತೇ ಮಾರುತ್ತೇನೆ. ಸಂಬಳವೂ ಅಲ್ಲೇ, ವೀಸಾವೂ ಅಲ್ಲೇ, ಉಳಿತಾಯವೂ ಅಲ್ಲೇ ಅಂದರೆ ಹೇಗೆ? ಇಂಟರ್ನೆಟ್ ಕಂಪನಿಗಳ ಷೇರು ಉಬ್ಬಿದ್ದ ಡಾಟ್‌ಕಾಂ ದಿನಗಳಲ್ಲಿ ಗೆಳತಿಯೊಬ್ಬಳು ಆಪ್ಷನ್ (ಮೊದಲೇ ಗೊತ್ತು ಮಾಡಿದ ಬೆಲೆಗೆ ಕಂಪನಿ ಷೇರು ಕೊಳ್ಳುವ ಹಕ್ಕು) ಬಳಸಿ ಷೇರು ಕೊಂಡು ಮಾರದೆ ಇಟ್ಟುಕೊಂಡಳು. ಷೇರು ನೆಲ ಕಚ್ಚಿತು, ತೆರಿಗೆ ಮಾತ್ರ ಕೊಂಡ ದಿನದ ಮಾರುಕಟ್ಟೆ ಬೆಲೆಗೇ ಬಂತು.

ಎ.ಐ. ಬಗ್ಗೆ ಸುಳ್ಳು ಧೈರ್ಯ ಹೇಳುವುದಿಲ್ಲ. ನಾನು ಬಂದಾಗ ಎನ್‌ವಿಡಿಯ ಹುಡುಗರ ಗೇಮ್‌ಗೆ ಚಿಪ್ ಮಾಡುವ ಕಂಪನಿ. ಈಗ ನೋಡು, ಎ.ಐ. ಬಹುಪಾಲು ಓಡುವುದೇ ಅದರ ಚಿಪ್ ಮೇಲೆ. ನನ್ನ ಟೀಮಿನಲ್ಲಿ ಹೊಸಬರಿಗೆ ಕೊಡುತ್ತಿದ್ದ ಸಣ್ಣಪುಟ್ಟ ಕೆಲಸ, ಪ್ರೋಗ್ರಾಂ ಸರಿಯಿದೆಯಾ ಅಂತ ನೋಡುವ ಟೆಸ್ಟ್ ಬರೆಯುವುದು ಗಿರೆಯುವುದು, ಈಗ ಮಷಿನ್ನೇ ಮಾಡುತ್ತದೆ. ತಪ್ಪು ಹಿಡಿಯುವುದನ್ನು ನಾವು ಕಲಿತದ್ದು ಅದೇ ಕೆಲಸದಲ್ಲಿ, ಅಲ್ವಾ? ಹಾಗಾಗಿ ಮೊದಲ ವರ್ಷ ಮಷಿನ್ ಬರೆದದ್ದನ್ನು ಸಾಲು ಸಾಲಾಗಿ ಓದು. ನಿಧಾನ ಅಂತ ಮ್ಯಾನೇಜರ್ ಗೊಣಗಲಿ.

ಮನೆ ಕೊಳ್ಳುವ ಮಾತು ಸದ್ಯಕ್ಕೆ ಬೇಡ. ಆಫರ್ ಲೆಟರ್ ಕಳಿಸು, ನೋಡೋಣ. ಶನಿವಾರ ಮಧ್ಯಾಹ್ನ ಫೋನ್ ಮಾಡು. ಈ ವಾರ ಆನ್‌ಕಾಲ್ ಸರದಿ ನನ್ನದೇ, ಮಧ್ಯದಲ್ಲಿ ಎದ್ದು ಹೋದರೆ ಬೇಜಾರು ಮಾಡಿಕೊಳ್ಳಬೇಡ.