ಮೊಗಸಾಲೆಯಲ್ಲಿ ನಿಂತವರು ಯಾರು?

ಓದುಗರ ಪತ್ರ: “ನಾನು ರೇಷ್ಮೆ ಬೆಳೆಗಾರ. ಆಮದು ಸುಂಕ ಇಳಿಸಿದಾಗೆಲ್ಲ ‘ದೊಡ್ಡವರ ಲಾಬಿ’ ಅಂತ ಜನ ಮಾತಾಡಿಕೊಳ್ಳುತ್ತಾರೆ. ಲಾಬಿ ಅಂದರೆ ಲಂಚಕ್ಕೆ ಇಟ್ಟ ಇನ್ನೊಂದು ಹೆಸರು ತಾನೇ? ಪೂರ್ತಿ ನಿಷೇಧ ಮಾಡಿದರೆ ಆಗದೇ?” – ಹೆಸರು ಬೇಡ ಎಂದಿರುವ ಓದುಗರು, ಶಿಡ್ಲಘಟ್ಟ ತಾಲ್ಲೂಕು

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ನಿಷೇಧ ಬೇಡ ಅನ್ನುತ್ತೇನೆ. ನಿಷೇಧ ಮಾಡಿದರೆ ಮೊದಲು ಬಾಗಿಲು ಮುಚ್ಚುವುದು ನಿಮಗೇ.

ಲಾಬಿ ಅಂದರೆ ಮೊಗಸಾಲೆ. ಸದನದ ಹೊರಗಿನ ಆ ಜಾಗದಲ್ಲಿ ನಿಂತು, ಬಂದುಹೋಗುವ ಸದಸ್ಯರ ಹತ್ತಿರ ತಮ್ಮ ಕೆಲಸದ ಮಾತಾಡುವವರಿಂದ ಈ ಹೆಸರು ಬಂತು. ಹಾಗೆ ನೋಡಿದರೆ ಚಿಕ್ಕಬಳ್ಳಾಪುರದ ಡಿ.ಸಿ. ಕಚೇರಿ ಮುಂದೆ ಮನವಿ ಹಿಡಿದು ನಿಲ್ಲುವ ರೈತರು ಮಾಡುವುದೂ ಅದೇ. ಲಂಚ ಬೇರೆ. ಅದನ್ನು ಹಿಡಿಯಲು 1988ರ ಭ್ರಷ್ಟಾಚಾರ ತಡೆ ಕಾಯ್ದೆ ಇದೆ. ನಡುವೆ ನಿಂತು ದುಡ್ಡು ತಗೊಂಡು ಅಧಿಕಾರಿಯ ಮೇಲೆ ಪ್ರಭಾವ ಬೀರುವವನಿಗೂ ಅದರಲ್ಲಿ ಶಿಕ್ಷೆ ಇದೆ.

ನಿಮ್ಮ ರೇಷ್ಮೆಯನ್ನೇ ತೆಗೆದುಕೊಳ್ಳೋಣ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ ಒಂದೇ ಸಲಕ್ಕೆ ಶೇ. 5ಕ್ಕೆ ಇಳಿಯಿತು. ಆಮೇಲೆ ಏನಾಯಿತು ಅಂತ ನಿಮಗೆ ನಾನು ಹೇಳಬೇಕಿಲ್ಲ. ಚೀನಾದ ನೂಲು ಅಗ್ಗವಾದರೆ, ಗೂಡು ಕೊಂಡು ನೂಲು ತೆಗೆಯುವ ನಮ್ಮ ರೀಲರ್‌ನ ನೂಲಿಗೆ ಬೆಲೆ ಇಲ್ಲ. ಅವನು ಗೂಡಿನ ಹರಾಜಿನಲ್ಲಿ ಕಡಿಮೆ ಕೂಗುತ್ತಾನೆ. ಬೆಲೆ ಬರಲಿ ಅಂತ ಬೆಳೆಗಾರ ಕಾಯುವ ಹಾಗೂ ಇಲ್ಲ. ಚಿಟ್ಟೆ ಗೂಡು ಕೊರೆಯುವ ಮುಂಚೆ ಮಾರಲೇಬೇಕು. ದೆಹಲಿಯಲ್ಲಿ ಬದಲಾದ ಒಂದು ಅಂಕಿ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡು ಸುರಿಯುವ ಜಾಲರಿಯ ಮೇಲೆ ಬಂದು ಬೀಳುವುದು ಹೀಗೆ.

ಸುಂಕ ಇಳಿಸಿ ಅಂದವರೆಲ್ಲ ಕೆಟ್ಟವರು ಅಂತಲ್ಲ. ನೇಕಾರನಿಗೆ ಅಗ್ಗದ ನೂಲು ಬೇಕು. ಅವನದೂ ಹೊಟ್ಟೆಪಾಡೇ. ಬೆಳೆಗಾರರು ಬೀದಿಗಿಳಿದು ಕೂಗಿದರು, 2013ರ ಬಜೆಟ್‌ನಲ್ಲಿ ಸುಂಕ ಶೇ. 15ಕ್ಕೆ ಏರಿತು. ಮತ್ತೆ ಇಳಿದು, 2021ರಲ್ಲಿ ಶೇ. 10ರಿಂದ ಪುನಃ ಶೇ. 15 ಆಯಿತು. ಎರಡೂ ಕಡೆಯವರು ಜಗ್ಗಿದ್ದಾರೆ. ಅದು ತಪ್ಪಲ್ಲ.

ನನ್ನ ತಕರಾರು ಬೇರೆ ಕಡೆ ಇದೆ. ದೊಡ್ಡ ವ್ಯಾಪಾರಿ ಸಂಘಗಳು ದೆಹಲಿಯಲ್ಲಿ ಕಚೇರಿ ಇಟ್ಟು, ಸಂಬಳಕ್ಕೆ ಜನ ಇಟ್ಟು, ವರ್ಷವಿಡೀ ಮಂತ್ರಾಲಯಗಳಿಗೆ ಓಡಾಡಬಹುದು. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳು ಸೊಪ್ಪಿಗೆ ಕಾಯುತ್ತಿರುವಾಗ ನೀವು ಯಾವ ರೈಲು ಹತ್ತುತ್ತೀರಿ? ನೀವು ಕೂಗುವುದು ಬೀದಿಯಲ್ಲಿ, ಊರಿಗೆಲ್ಲ ಕೇಳುತ್ತದೆ. ಅವರು ಮಾತಾಡುವುದು ಕೋಣೆಯೊಳಗೆ. ಅಲ್ಲಿ ಯಾರು ಬಂದರು, ಏನು ಕೇಳಿದರು ಅಂತ ಜನರಿಗೆ ಗೊತ್ತಾಗುವುದಿಲ್ಲ. ಲಾಬಿಗೆಂದೇ ಒಂದು ಕಾನೂನು ನಮ್ಮ ದೇಶದಲ್ಲಿ ಇಲ್ಲ.

ಅಮೆರಿಕದಲ್ಲಿ 1995ರ ಕಾಯ್ದೆಯ ಪ್ರಕಾರ ಲಾಬಿ ಮಾಡುವವರು ಹೆಸರು ನೋಂದಾಯಿಸಬೇಕು. ಯಾರ ಪರ, ಯಾವ ವಿಷಯಕ್ಕೆ, ಎಷ್ಟು ದುಡ್ಡು ಅಂತ ಈಗ ಮೂರು ತಿಂಗಳಿಗೊಮ್ಮೆ ಬರೆದು ಕೊಡಬೇಕು. 2012ರ ಕೊನೆಗೆ ಅಮೆರಿಕದ ದೊಡ್ಡ ಅಂಗಡಿ ಕಂಪನಿ ವಾಲ್‌ಮಾರ್ಟ್ ವಿಷಯಕ್ಕೆ ನಮ್ಮ ಸಂಸತ್ತಿನಲ್ಲಿ ಗಲಾಟೆ ಆಯಿತಲ್ಲ, ಅದು ಈ ದಾಖಲೆಯಿಂದಲೇ. 2008ರಿಂದ ಅವರು ಅಲ್ಲಿ ಲಾಬಿಗೆ ಸುಮಾರು 2.5 ಕೋಟಿ ಡಾಲರ್ ಖರ್ಚು ಮಾಡಿದ್ದರು. ಆ ವಿಷಯಗಳ ಪಟ್ಟಿಯಲ್ಲಿ ಭಾರತದ ಮಾರುಕಟ್ಟೆ ಪ್ರವೇಶವೂ ಇತ್ತು. ನಮ್ಮ ಸಂತೆಯ ಸುದ್ದಿ ನಮಗೆ ಬೇರೆಯವರ ಪುಸ್ತಕದಿಂದ ಗೊತ್ತಾಗಬೇಕಾಯಿತು. ಇದು ನನಗೆ ಈಗಲೂ ನೋವಿನ ವಿಷಯ. ಹಾಗಂತ ಪಟ್ಟಿ ಇದ್ದರೆ ದುಡ್ಡಿನ ಬಲ ಹೋಗುತ್ತದೆ ಅಂತಲ್ಲ. ಅಲ್ಲೂ ದುಡ್ಡಿದ್ದವರ ಮಾತೇ ಜಾಸ್ತಿ ನಡೆಯುತ್ತದೆ. ಆದರೆ ಯಾರ ಮಾತು ಅನ್ನುವುದು ಕಾಣುತ್ತದೆ.

ಕಾಣದ ದುಡ್ಡು ಎಂಥದ್ದು ಅಂತ, ಹೆಸರು ಹೊರಗೆ ಬಾರದ ಹಾಗೆ ಪಕ್ಷಗಳಿಗೆ ದೇಣಿಗೆ ಕೊಡುವ ಚುನಾವಣಾ ಬಾಂಡ್‌ನಲ್ಲಿ ನೋಡಿದೆವು. ಕಂಪನಿಗಳು ಪಕ್ಷಕ್ಕೆ ಕೊಡುವ ದೇಣಿಗೆಗೆ ಮೂರು ವರ್ಷದ ಸರಾಸರಿ ಲಾಭದ ಶೇ. 7.5ರ ಮಿತಿ ಇತ್ತು. 2017ರಲ್ಲಿ ಅದನ್ನೂ ತೆಗೆದರು. ಯಾರು ಯಾರಿಗೆ ಕೊಟ್ಟರು ಅಂತ ಮತ ಹಾಕುವವನಿಗೆ ಗೊತ್ತಾಗದ ಹಾಗೆ ಮಾಡಿದರು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಬಾಂಡ್ ಯೋಜನೆಯನ್ನೂ ಮಿತಿ ತೆಗೆದ ತಿದ್ದುಪಡಿಯನ್ನೂ ರದ್ದು ಮಾಡಿತು. ಜನರಿಗೆ ತಿಳಿಯುವ ಹಕ್ಕಿದೆ ಅನ್ನುವುದೇ ಕಾರಣ.

ಹಾಗಾಗಿ ನಾವು ಕೇಳಬೇಕಾದ್ದು ಒಂದು ದಾಖಲೆ ಪುಸ್ತಕ. ಮಂತ್ರಿಯನ್ನು, ಕಾರ್ಯದರ್ಶಿಯನ್ನು ಯಾರು ಯಾವ ವಿಷಯಕ್ಕೆ ಭೇಟಿ ಮಾಡಿದರು ಅನ್ನುವುದು ಅದರಲ್ಲಿ ಇರಲಿ, ಎಲ್ಲರಿಗೂ ಸಿಗಲಿ. ಅದು ಬರುವವರೆಗೆ ಸುಮ್ನೆ ಕೂರುವುದು ಬೇಡ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ರಾಜ್ಯದ ರೇಷ್ಮೆ ಇಲಾಖೆಗೆ ಅರ್ಜಿ ಹಾಕಿ. ಆಮದು ಸುಂಕದ ಬಗ್ಗೆ ಯಾವ ಯಾವ ಸಂಘಗಳಿಂದ ಮನವಿ ಬಂದಿವೆ, ಇಲಾಖೆ ಕೇಂದ್ರಕ್ಕೆ ಏನು ಬರೆದಿದೆ ಅಂತ ಪ್ರತಿ ಕೇಳಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ದಾಟಬಾರದು, ಒಂದೇ ವಿಷಯ ಇರಬೇಕು. 30 ದಿನದಲ್ಲಿ ಉತ್ತರ ಕೊಡಬೇಕು. ಬಂದ ಕಾಗದದ ಒಂದು ಪ್ರತಿ ನಮಗೂ ಕಳಿಸಿ, ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.